ನಂದಗಡದ ತೊಟ್ಟಿಲುಗಳು

ಸಂಗೊಳ್ಳಿಯ ರಾಯಣ್ಣನನ್ನು ಬ್ರಿಟಿಷರು 1831ರ ಜನವರಿ 26ರಂದು ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ಗಲ್ಲಿಗೇರಿಸಿದರು. ಅವನ ಸಮಾಧಿಯ ಆಲದ ಮರಕ್ಕೆ ಸಂತಾನವನ್ನು ಬೇಡುವವರು ಪುಟ್ಟ ತೊಟ್ಟಿಲುಗಳನ್ನು ಕಟ್ಟುತ್ತಾರೆ. ಮಗುವಿಗಾಗಿ ಹಂಬಲ ಎಲ್ಲ ಮನೆಗಳಲ್ಲಿಯೂ ಒಂದೇ. ಆದರೆ ಹುಟ್ಟಿದ ಮಗು ಮೊದಲ ವರ್ಷವನ್ನು ದಾಟುವ ಭರವಸೆ ಎಲ್ಲ ಮನೆಗಳಲ್ಲಿಯೂ ಒಂದೇ ಆಗಿಲ್ಲ.

ರಾಯಣ್ಣನ ಸಂಗಡಿಗರಲ್ಲಿ ಗಜವೀರನೆಂಬ ಸಿದ್ದಿಯಿದ್ದನೆಂದು ಜನರು ಹೇಳುತ್ತ ಬಂದಿದ್ದಾರೆ. ಸಿದ್ದಿಗಳ ಪೂರ್ವಜರು ಆಫ್ರಿಕದವರು. ಅವರಲ್ಲಿ ಅನೇಕರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದರು. ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಹಳಿಯಾಳ, ಯಲ್ಲಾಪುರ, ಖಾನಾಪುರ, ಕಲಘಟಗಿಗಳಲ್ಲಿ ಇಂದು ಹಿಂದೂ, ಮುಸ್ಲಿಂ, ಕ್ರೈಸ್ತ ಸಿದ್ದಿ ಕುಟುಂಬಗಳಿವೆ. ನಮ್ಮ ದೇವಾಲಯಗಳ ಪೀಠಗಳಲ್ಲಿ ಅವರೂ ಕುಳಿತುಕೊಳ್ಳುತ್ತಾರೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಸಾವಿರ ಶಿಶುಗಳಲ್ಲಿ ಸುಮಾರು 35 ಮೊದಲ ಹುಟ್ಟುಹಬ್ಬವನ್ನು ಕಾಣಲಿಲ್ಲ. ಪರಿಶಿಷ್ಟ ಪಂಗಡಗಳಲ್ಲಿ ಈ ಸಂಖ್ಯೆ ಸುಮಾರು 42, ಪರಿಶಿಷ್ಟ ಜಾತಿಗಳಲ್ಲಿ 41, ಇತರ ಹಿಂದುಳಿದ ವರ್ಗಗಳಲ್ಲಿ 34, ಉಳಿದವರಲ್ಲಿ 28. ಸತ್ತ ಶಿಶುಗಳಲ್ಲಿ ಹತ್ತಕ್ಕೆ ಏಳು ಮೊದಲ ತಿಂಗಳಲ್ಲಿಯೇ ತೀರಿಕೊಂಡವು. ಅಂದರೆ ಕಾರಣವನ್ನು ಬಹುಮಟ್ಟಿಗೆ ಗರ್ಭದ ತಿಂಗಳುಗಳಲ್ಲಿಯೂ ಹೆರಿಗೆಯ ಕೋಣೆಯಲ್ಲಿಯೂ ಹುಡುಕಬೇಕು.

ಇದನ್ನು ನಮ್ಮ ಹಿರಿಯರು ಸೆಟವಿ ಬರೆದ ಹಣೆಬರಹವೆಂದರು. ಕೆಲವರು ಇನ್ನೂ ಕ್ರೂರವಾಗಿ, ಅದು ಅವರ ರಕ್ತದ ದೋಷ ಎನ್ನುತ್ತಾರೆ. ಈ ಎರಡನೆಯ ಮಾತನ್ನು ಪರೀಕ್ಷಿಸಿದವರು, ಅದೇ ಆಫ್ರಿಕದಿಂದ ಗುಲಾಮರಾಗಿ ಬೇರೊಂದು ಕಡಲನ್ನು ದಾಟಿದವರ ಸಂತತಿ ಇರುವ ಅಮೆರಿಕದಲ್ಲಿದ್ದಾರೆ. ಅಲ್ಲಿ 2022ರಲ್ಲಿಯೂ ಕಪ್ಪು ಜನರ ಶಿಶುಮರಣ ಪ್ರಮಾಣ ಬಿಳಿಯರ ಎರಡು ಪಟ್ಟಿಗೂ ಹೆಚ್ಚು. ರಿಚರ್ಡ್ ಡೇವಿಡ್ ಮತ್ತು ಜೇಮ್ಸ್ ಕಾಲಿನ್ಸ್ ಎಂಬ ವೈದ್ಯರು ಇಲಿನಾಯ್ ರಾಜ್ಯದ ಜನನ ದಾಖಲೆಗಳನ್ನು ತೆರೆದು 1997ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಬಿಳಿಯ ತಾಯಂದಿರ ಶಿಶುಗಳ ಸರಾಸರಿ ತೂಕ 3446 ಗ್ರಾಂ. ಆಫ್ರಿಕದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ಕಪ್ಪು ತಾಯಂದಿರ ಶಿಶುಗಳದು 3333. ಅಮೆರಿಕದಲ್ಲಿಯೇ ಹುಟ್ಟಿದ ಕಪ್ಪು ತಾಯಂದಿರ ಶಿಶುಗಳದು 3089! ದೋಷ ರಕ್ತದಲ್ಲಿದ್ದಿದ್ದರೆ ಆಫ್ರಿಕದಿಂದ ನೇರವಾಗಿ ಬಂದವರ ಮಕ್ಕಳೇ ಹಗುರವಾಗಿರಬೇಕಿತ್ತು. ಮಗುವನ್ನು ಹಗುರ ಮಾಡಿದ್ದು ತಾಯಿ ಆ ನಾಡಿನಲ್ಲಿ ಬಾಳಿದ ಬಾಳು.

ನಮ್ಮಲ್ಲಿಯೂ ಹಾಗೆಯೇ. ರಕ್ತಹೀನತೆ, ಎಳೆಯ ವಯಸ್ಸಿನ ಮದುವೆ, ದಿನ ತುಂಬುವವರೆಗೂ ಬಿಡದ ಕೂಲಿ, ಮಳೆಗಾಲದಲ್ಲಿ ದಾಟಲಾಗದ ಹಳ್ಳ ಇವೆಲ್ಲವೂ ತೊಟ್ಟಿಲಿಗೆ ಮುಂಚೆಯೇ ಬಂದು ಕುಳಿತಿರುತ್ತವೆ. ಆಸ್ಪತ್ರೆಯ ಬಾಗಿಲಲ್ಲಿ ಕೇಳುವ ತಿರಸ್ಕಾರದ ಒಂದು ಮಾತನ್ನು ಯಾವ ಸಮೀಕ್ಷೆಯೂ ಎಣಿಸದು. ಆದರೆ ಮುಂದಿನ ಹೆರಿಗೆಗೆ ಆ ತಾಯಿ ಮನೆಯಲ್ಲಿಯೇ ಉಳಿಯಲು ಅದೊಂದೇ ಸಾಕು.

ಕಾಗದದ ಮೇಲಿನ ಗೆರೆಯೂ ತನ್ನ ಪಾಲಿನ ಕೆಲಸ ಮಾಡಿತು. 2003ರಲ್ಲಿ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು, ಆದರೆ ಉತ್ತರ ಕನ್ನಡ ಜಿಲ್ಲೆಯವರು ಮಾತ್ರ. 2005ರಲ್ಲಿ ಆಸ್ಪತ್ರೆಯ ಹೆರಿಗೆಗೆ ನೆರವು ನೀಡುವ ಜನನಿ ಸುರಕ್ಷಾ ಯೋಜನೆ ಬಂದಿತು. ಕರ್ನಾಟಕದಂಥ ರಾಜ್ಯಗಳಲ್ಲಿ ಅದು ದೊರೆತದ್ದು ಬಡತನ ರೇಖೆಗಿಂತ ಕೆಳಗಿನವರಿಗೆ, ಪರಿಶಿಷ್ಟರಿಗೆ. ಹಳಿಯಾಳದ ಸಿದ್ದಿ ತಾಯಿಗೆ ಪಂಗಡದ ಪತ್ರವೇ ಸಾಕಾಗಿತ್ತು. ಗಡಿಯಾಚೆ ಖಾನಾಪುರದಲ್ಲಿದ್ದ ಅವಳ ತಂಗಿ ಬಡತನದ ಚೀಟಿಯನ್ನು ತೋರಿಸಬೇಕಾಗಿತ್ತು. ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳನ್ನು ಪಟ್ಟಿಗೆ ಸೇರಿಸುವ ತಿದ್ದುಪಡಿಗೆ ಸಂಸತ್ತು ಒಪ್ಪಿದ್ದು 2020ರಲ್ಲಿ. ರಾಯಣ್ಣ ಸೆರೆಯಾಗಿ ಅಷ್ಟರಲ್ಲಿ ಸುಮಾರು 190 ವರ್ಷಗಳಾಗಿದ್ದವು.