ಬಾಡಿಗೆ ವಿಮಾನದಲ್ಲಿ ಮರುಭೂಮಿ ಪ್ರವಾಸ: ಆಸ್ಟ್ರೇಲಿಯಾದ ಔಟ್‌ಬ್ಯಾಕ್ ಮೇಲೆ ಹಾರುವ ಮುನ್ನ ಮಾಡಬೇಕಾದ ಲೆಕ್ಕ

ಕಾರು ಬಾಡಿಗೆಗೆ ಪಡೆದು ಊರೂರು ಸುತ್ತುವುದು ಎಲ್ಲರಿಗೂ ಗೊತ್ತು. ಅದೇ ರೀತಿ ಸಣ್ಣ ವಿಮಾನವೊಂದನ್ನು ಬಾಡಿಗೆಗೆ ಪಡೆದು, ಸ್ವತಃ ಹಾರಿಸಿಕೊಂಡು, ದಿನಕ್ಕೊಂದು ಊರಿನಲ್ಲಿ ಇಳಿಯುತ್ತಾ ಒಂದೆರಡು ವಾರ ಮರುಭೂಮಿ ನೋಡಿ ಬರುವ ಪ್ರವಾಸವೂ ಇದೆ. ಇದಕ್ಕೆ ಹೆಸರಾದ ಜಾಗಗಳಲ್ಲಿ ಆಸ್ಟ್ರೇಲಿಯಾದ ಒಳನಾಡು, ಅಂದರೆ ಔಟ್‌ಬ್ಯಾಕ್, ಮುಖ್ಯವಾದುದು. ಜಕ್ಕೂರು, ಬಾರಾಮತಿಯಂಥ ಕಡೆ ಹಾರಾಟ ಕಲಿತು ಖಾಸಗಿ ಪೈಲಟ್ ಪರವಾನಗಿ ಪಡೆದವರಿಗೂ ಇದು ಸಾಧ್ಯ.

ನಮ್ಮದೇ ಥಾರ್ ಇರುವಾಗ ಅಷ್ಟು ದೂರ ಏಕೆ ಎಂದು ಕೇಳಬಹುದು. ಥಾರ್ ಇರುವುದು ಗಡಿಯಲ್ಲಿ. ಜೋಧಪುರ, ಜೈಸಲ್ಮೇರ್, ಬಿಕಾನೇರ್ ಬಳಿಯ ನಾಲ್, ಮೂರೂ ಕಡೆ ವಾಯುಪಡೆಯ ನೆಲೆಗಳಿವೆ. ಮನಸ್ಸು ಬಂದಂತೆ ಸುತ್ತಾಡಲು ಅದು ಹೇಳಿಮಾಡಿಸಿದ ಆಕಾಶವಲ್ಲ.

ಪರವಾನಗಿ ಮೊದಲು, ಟಿಕೆಟ್ ಆಮೇಲೆ

ಭಾರತದ ಪರವಾನಗಿಯನ್ನು ತೋರಿಸಿದ ಮಾತ್ರಕ್ಕೆ ಅಲ್ಲಿ ವಿಮಾನದ ಕೀಲಿ ಕೊಡುವುದಿಲ್ಲ. ಆಸ್ಟ್ರೇಲಿಯಾದ ನಾಗರಿಕ ವಿಮಾನಯಾನ ಸುರಕ್ಷತಾ ಪ್ರಾಧಿಕಾರ 'ಕಾಸಾ', ವಿದೇಶಿ ಪರವಾನಗಿಗೆ ಗರಿಷ್ಠ 12 ತಿಂಗಳ ಮಾನ್ಯತಾ ಪತ್ರ ಕೊಡುತ್ತದೆ. ಅದಕ್ಕೂ ಮುನ್ನ ಮೂಲ ಪರವಾನಗಿ ಅಸಲಿಯೇ ಎಂದು ನಮ್ಮ ಡಿಜಿಸಿಎಯಿಂದ ಖಚಿತಪಡಿಸಿಕೊಳ್ಳುತ್ತದೆ. ಈ ಪತ್ರ ವ್ಯವಹಾರಕ್ಕೆ ಸಮಯ ಹಿಡಿಯುವುದರಿಂದ ತಿಂಗಳುಗಳ ಮೊದಲೇ ಅರ್ಜಿ ಹಾಕುವುದು ಕ್ಷೇಮ. ಬಾಡಿಗೆ ಕೊಡುವವರು ತಮ್ಮ ಬೋಧಕರೊಬ್ಬರನ್ನು ಪಕ್ಕದಲ್ಲಿ ಕೂರಿಸಿ ಪರೀಕ್ಷಾ ಹಾರಾಟವನ್ನೂ ಮಾಡಿಸುತ್ತಾರೆ. ಈ ಬೋಧಕರಿಂದ ರೇಡಿಯೋ ಪದ್ಧತಿ, ನಕ್ಷೆ, ಸ್ಥಳೀಯ ಹವಾಮಾನದ ಬಗ್ಗೆ ಕೇಳಿ ತಿಳಿದಷ್ಟೂ ಲಾಭ. ಒಂದು ಗಂಟೆ ಸಾಲದು ಎನ್ನಿಸಿದರೆ ಎರಡು ಗಂಟೆ ಹಾರುವುದರಲ್ಲಿ ಸಂಕೋಚ ಬೇಡ.

ಬಾಡಿಗೆ ಕರಾರಿನಲ್ಲಿ ಮೂರು ಸಾಲುಗಳನ್ನು ಬೆರಳಿಟ್ಟು ಓದಬೇಕು. ಗಂಟೆಯ ದರದಲ್ಲಿ ಇಂಧನ ಸೇರಿದೆಯೇ? ದಿನಕ್ಕೆ ಇಂತಿಷ್ಟು ಗಂಟೆ ಹಾರಲೇಬೇಕೆಂಬ ಕನಿಷ್ಠ ಮಿತಿ ಇದೆಯೇ? ಮಳೆ ಬಂದು ವಿಮಾನ ಯಾವುದೋ ಹಳ್ಳಿಯಲ್ಲಿ ನಾಲ್ಕು ದಿನ ನಿಂತುಬಿಟ್ಟರೆ ಖರ್ಚು ಯಾರದು? ಮೂರನೆಯದಕ್ಕೆ ಸ್ಪಷ್ಟ ಉತ್ತರ ಇಲ್ಲದಿದ್ದರೆ, ಗಡುವು ತಪ್ಪಿಸಬಾರದೆಂಬ ಆತುರದಲ್ಲಿ ಕೆಟ್ಟ ಹವಾಮಾನದಲ್ಲೇ ಹೊರಡುವ ಮನಸ್ಸಾಗುತ್ತದೆ. ಆದ್ದರಿಂದ ಕೊನೆಯಲ್ಲಿ ಎರಡು ಮೂರು ದಿನ ಖಾಲಿ ಬಿಟ್ಟೇ ಭಾರತಕ್ಕೆ ಮರಳುವ ಟಿಕೆಟ್ ಮಾಡಿಸಬೇಕು.

ಸೀಟು ನಾಲ್ಕು, ಹೋಗಬಹುದಾದವರು ಇಬ್ಬರು

ಬಾಡಿಗೆಗೆ ಸುಲಭವಾಗಿ ಸಿಗುವ ಸೆಸ್ನಾ 172 ವಿಮಾನದಲ್ಲಿ ನಾಲ್ಕು ಸೀಟುಗಳಿವೆ. ಹಾಗೆಂದು ಗಂಡ, ಹೆಂಡತಿ, ಜತೆಗೆ ಸ್ನೇಹಿತ ದಂಪತಿ ಎಂದು ಯೋಜನೆ ಹಾಕಿದರೆ ಲೆಕ್ಕ ಕೈಕೊಡುತ್ತದೆ.

172ಎಸ್ ಮಾದರಿಯ ಗರಿಷ್ಠ ಟೇಕಾಫ್ ತೂಕ 1157 ಕೆಜಿ. ಖಾಲಿ ವಿಮಾನವೇ ಸುಮಾರು 770 ಕೆಜಿ ಇರುತ್ತದೆ ಎಂದಿಟ್ಟುಕೊಳ್ಳೋಣ. ಉಳಿದದ್ದು 387 ಕೆಜಿ. ಬಳಸಬಹುದಾದ ಪೂರ್ತಿ ಇಂಧನ, ಅಂದರೆ ಸುಮಾರು 200 ಲೀಟರ್ ತುಂಬಿಸಿದರೆ ಅದೇ 144 ಕೆಜಿ. ಈಗ ಉಳಿದದ್ದು 243 ಕೆಜಿ. ತಲಾ 80 ಕೆಜಿಯ ಮೂವರು ಕುಳಿತರೆ 240 ಕೆಜಿ. ಮಿಕ್ಕ 3 ಕೆಜಿಯಲ್ಲಿ ನೀರೂ ಇಲ್ಲ, ಬಟ್ಟೆಯೂ ಇಲ್ಲ. ಇಬ್ಬರೇ ಆದರೆ 83 ಕೆಜಿ ಉಳಿಯುತ್ತದೆ. 20 ಲೀಟರ್ ನೀರು, 15 ಕೆಜಿಯಷ್ಟು ತುರ್ತು ಸಾಮಾನು, ಹಗ್ಗ, ಎಂಜಿನ್ ಆಯಿಲ್, ತಲಾ 10 ಕೆಜಿಯ ಮೆತ್ತನೆಯ ಚೀಲ ಹಾಕಿದ ಮೇಲೂ ಸ್ವಲ್ಪ ತೂಕ ಕೈಯಲ್ಲಿರುತ್ತದೆ. ಆ ಸ್ವಲ್ಪ ಏಕೆ ಬೇಕೆಂಬುದು ಬಿಸಿಲಿನ ವಿಷಯಕ್ಕೆ ಬಂದಾಗ ತಿಳಿಯುತ್ತದೆ. ಪ್ರತಿ ವಿಮಾನದ ಖಾಲಿ ತೂಕ ಬೇರೆ. ಬಾಡಿಗೆಗೆ ಪಡೆದ ವಿಮಾನದ ದಾಖಲೆ ಪುಸ್ತಕದಲ್ಲಿರುವ ಅಂಕಿಯಿಂದಲೇ ಲೆಕ್ಕ ಶುರುವಾಗಬೇಕು.

ಜಾಗ ಸಾಲದಾದಾಗ ಮೊದಲು ಕತ್ತರಿ ಬೀಳುವುದು ನೀರಿಗೆ. ಅದು ಎಷ್ಟು ದೊಡ್ಡ ತಪ್ಪು ಎಂಬುದಕ್ಕೆ ಆಲಿಸ್ ಸ್ಪ್ರಿಂಗ್ಸ್‌ನ ವಿಮಾನ ಸಂಗ್ರಹಾಲಯದಲ್ಲಿ ಇಟ್ಟಿರುವ 'ಕುಕಬರಾ' ಎಂಬ ಪುಟ್ಟ ವಿಮಾನದ ಅವಶೇಷವೇ ಸಾಕ್ಷಿ. 1929ರ ಮಾರ್ಚ್ ಕೊನೆಯಲ್ಲಿ ಹೆಸರಾಂತ ವೈಮಾನಿಕ ಚಾರ್ಲ್ಸ್ ಕಿಂಗ್ಸ್‌ಫರ್ಡ್ ಸ್ಮಿತ್ ಅವರ ವಿಮಾನ ವಾಯವ್ಯ ಆಸ್ಟ್ರೇಲಿಯಾದಲ್ಲಿ ಕಾಣೆಯಾಯಿತು. ಅವರನ್ನು ಹುಡುಕಲು ಕೀತ್ ಆಂಡರ್ಸನ್ ಮತ್ತು ಬಾಬ್ ಹಿಚ್‌ಕಾಕ್ ಕುಕಬರಾದಲ್ಲಿ ಹೊರಟರು. ಎಂಜಿನ್ ತೊಂದರೆಯಿಂದ ತನಾಮಿ ಮರುಭೂಮಿಯಲ್ಲಿ ಇಳಿಯಬೇಕಾಯಿತು. ಎಂಜಿನ್ ಸರಿಪಡಿಸಿಕೊಂಡರೂ ಕುರುಚಲು ಗಿಡಗಳ ನಡುವೆ ಮತ್ತೆ ಮೇಲೇರಲು ಆಗಲಿಲ್ಲ. ರೇಡಿಯೋ ಇರಲಿಲ್ಲ, ನೀರು ತೀರಾ ಕಡಿಮೆ ಇತ್ತು. ಆಂಡರ್ಸನ್ ವಿಮಾನದ ಬಾಲದ ಬಟ್ಟೆಯ ಮೇಲೆ ಬರೆದಿಟ್ಟ ಟಿಪ್ಪಣಿಯಿಂದ ಅವರ ಕೊನೆಯ ದಿನಗಳು ತಿಳಿದವು. ಇಬ್ಬರೂ ಬಾಯಾರಿಕೆಯಿಂದ ಸತ್ತರು. ಅವರು ಹುಡುಕಲು ಹೊರಟಿದ್ದ ಕಿಂಗ್ಸ್‌ಫರ್ಡ್ ಸ್ಮಿತ್ ಬದುಕಿ ಬಂದರು.

ದಾರಿ: ನೇರವೋ, ಸುತ್ತೋ

ಅಡಿಲೇಡ್‌ನ ಪ್ಯಾರಾಫೀಲ್ಡ್ ವಿಮಾನ ನಿಲ್ದಾಣದಿಂದ ಹೊರಟು ವಿಲಿಯಂ ಕ್ರೀಕ್, ಕೂಬರ್ ಪೀಡಿ, ಉಲುರು, ಆಲಿಸ್ ಸ್ಪ್ರಿಂಗ್ಸ್, ಬರ್ಡ್ಸ್‌ವಿಲ್, ಬ್ರೋಕನ್ ಹಿಲ್ ಮೂಲಕ ಮರಳುವ ಸುತ್ತನ್ನು ಉದಾಹರಣೆಯಾಗಿ ನೋಡಬಹುದು. ನೇರ ಗೆರೆಗಳಲ್ಲಿ ಅಳೆದರೆ ಸುಮಾರು 3500 ಕಿಮೀ. ಗಂಟೆಗೆ 200 ಕಿಮೀ ವೇಗದಲ್ಲಿ 17ರಿಂದ 18 ಗಂಟೆಗಳ ಹಾರಾಟ. ಹತ್ತು ದಿನಕ್ಕೆ ಹಂಚಿದರೆ ಆರಾಮ.

ಈ ಸುತ್ತಿನಲ್ಲಿ ಆಲಿಸ್ ಸ್ಪ್ರಿಂಗ್ಸ್‌ನಿಂದ ಬರ್ಡ್ಸ್‌ವಿಲ್‌ಗೆ ಹೋಗುವ ಹಂತವೇ ನಿಜವಾದ ಪ್ರಶ್ನೆ. ನೇರವಾಗಿ ಸುಮಾರು 600 ಕಿಮೀ, ಮೂರು ಗಂಟೆ. ಕೆಳಗೆ ಸಿಂಪ್ಸನ್ ಮರುಭೂಮಿ. 1100ಕ್ಕೂ ಹೆಚ್ಚು ಕೆಂಪು ಮರಳ ದಿಬ್ಬಗಳು ನೇಗಿಲ ಸಾಲಿನಂತೆ ಒಂದರ ಪಕ್ಕ ಒಂದು ಮಲಗಿವೆ. ಮೇಲಿನಿಂದ ನೋಡಲು ಅದಕ್ಕಿಂತ ಚಂದದ ದೃಶ್ಯ ಈ ಪ್ರವಾಸದಲ್ಲಿಲ್ಲ. ಆದರೆ ಎಂಜಿನ್ ನಿಂತ ಸೆಸ್ನಾ 172, ನೆಲದಿಂದ 5000 ಅಡಿ ಮೇಲಿದ್ದರೆ ತೇಲಿಕೊಂಡು ಹೋಗಬಲ್ಲದ್ದು ಹೆಚ್ಚೆಂದರೆ 14 ಕಿಮೀ. ಆ ದೂರದೊಳಗೆ ದಿಬ್ಬ ಬಿಟ್ಟರೆ ಬೇರೇನೂ ಇಲ್ಲ.

ಇನ್ನೊಂದು ದಾರಿ ಹಳೆಯ ಘಾನ್ ರೈಲು ಹಾದಿ ಹಿಡಿದು ಊಡ್ನಡಾಟಾ, ಅಲ್ಲಿಂದ ಮಣ್ಣು ರಸ್ತೆಯ ಮೇಲೇ ಮರ್ರೀ, ಮತ್ತೆ ಬರ್ಡ್ಸ್‌ವಿಲ್ ಟ್ರ್ಯಾಕ್ ಹಿಡಿದು ಉತ್ತರಕ್ಕೆ. ದೂರ ಎರಡು ಪಟ್ಟು, ಬಾಡಿಗೆಯೂ ಅಷ್ಟೇ. ಆದರೆ ಕೆಳಗೆ ಸದಾ ಒಂದು ರಸ್ತೆಯೋ ಹಳೆಯ ಹಳಿಯ ಗುರುತೋ ಇರುತ್ತದೆ. ಮೊದಲ ಸಲ ಹೋಗುವವರು ಈ ಸುತ್ತು ದಾರಿಯ ಹಣ ಕೊಡುವುದೇ ಸರಿ. ದಿಬ್ಬಗಳನ್ನು ನೋಡಲೇಬೇಕೆಂದರೆ ಬರ್ಡ್ಸ್‌ವಿಲ್‌ನಿಂದ ಪಶ್ಚಿಮಕ್ಕೆ ಸ್ವಲ್ಪ ದೂರ ಹಾರಿದರೂ ಸಿಗುತ್ತವೆ.

ವಿಲಿಯಂ ಕ್ರೀಕ್ ಮತ್ತು ಕೂಬರ್ ಪೀಡಿ ನಡುವೆ ವೂಮೆರಾ ನಿಷೇಧಿತ ಪ್ರದೇಶವನ್ನು ಗಮನಿಸಬೇಕು. ಸುಮಾರು 1,22,000 ಚದರ ಕಿಮೀ ವಿಸ್ತಾರದ, ಅಂದರೆ ಕರ್ನಾಟಕದ ಹೆಚ್ಚುಕಡಿಮೆ ಮೂರನೇ ಎರಡು ಭಾಗದಷ್ಟಿರುವ ಶಸ್ತ್ರಾಸ್ತ್ರ ಪರೀಕ್ಷಾ ವಲಯ ಅದು. ಅದರ ಆಕಾಶ ಯಾವಾಗ ಮುಚ್ಚಿರುತ್ತದೆ ಎಂಬುದು ಪೈಲಟ್‌ಗಳಿಗೆ ಹೊರಡಿಸುವ ಸೂಚನೆಗಳಲ್ಲಿರುತ್ತದೆ. ಅಂದಂದಿನ ಸೂಚನೆ ಅಂದೇ ಬೆಳಿಗ್ಗೆ ನೋಡಬೇಕು. ಉಲುರು ಬಂಡೆ ಅಲ್ಲಿನ ಮೂಲನಿವಾಸಿ ಅನಂಗು ಜನರಿಗೆ ಪವಿತ್ರ. ಅದನ್ನು ಹತ್ತುವುದು 2019ರ ಅಕ್ಟೋಬರ್ 26ರಿಂದ ನಿಷಿದ್ಧ. ವಿಮಾನಗಳೂ ಅದರ ನೆತ್ತಿಯ ಮೇಲೆ ಹೋಗದೆ ಸೂಚಿಸಿದ ಪಥದಲ್ಲೇ ದೂರದಿಂದ ಹಾದುಹೋಗಬೇಕು.

ಬಿಸಿಲು ಮತ್ತು ಉಪ್ಪಿನ ಕೆರೆ

ಆಲಿಸ್ ಸ್ಪ್ರಿಂಗ್ಸ್ ನಿಲ್ದಾಣ ಸಮುದ್ರ ಮಟ್ಟದಿಂದ ಸುಮಾರು 1790 ಅಡಿ ಎತ್ತರದಲ್ಲಿದೆ. ಅಲ್ಲಿ 40 ಡಿಗ್ರಿ ಬಿಸಿಲಿದ್ದರೆ ಗಾಳಿ ಎಷ್ಟು ತೆಳುವಾಗುತ್ತದೆಂದರೆ, ವಿಮಾನದ ಪಾಲಿಗೆ ಅದು 5200 ಅಡಿ ಎತ್ತರದ ಊರು. ಓಡಬೇಕಾದ ರನ್‌ವೇ ಉದ್ದವಾಗುತ್ತದೆ, ಮೇಲೇರುವ ವೇಗ ಕುಗ್ಗುತ್ತದೆ. ಮೊದಲು ಹೇಳಿದ ಉಳಿಕೆ ತೂಕ ಇಲ್ಲಿ ಕೈ ಹಿಡಿಯುತ್ತದೆ. ಊಡ್ನಡಾಟಾದಲ್ಲಿ 1960ರ ಜನವರಿ 2ರಂದು 50.7 ಡಿಗ್ರಿ ದಾಖಲಾಗಿತ್ತು. ಆದ್ದರಿಂದ ಈ ಪ್ರವಾಸಕ್ಕೆ ಮೇ ತಿಂಗಳಿಂದ ಸೆಪ್ಟೆಂಬರ್ ಆರಂಭದವರೆಗಿನ ಚಳಿಗಾಲವೇ ಸೂಕ್ತ. ಆಗಲೂ ಬೆಳಿಗ್ಗೆ ಬೇಗ ಹೊರಟು, ಬಿಸಿಗಾಳಿ ಏಳುವ ಮುನ್ನ ಇಳಿದರೆ ಹೊಟ್ಟೆ ತೊಳಸುವುದು ತಪ್ಪುತ್ತದೆ. ಚಳಿಗಾಲದ ಹಗಲು ಚಿಕ್ಕದು. ಹಗಲು ಹಾರಾಟದ ನಿಯಮದಂತೆ ಕೊನೆಯ ಬೆಳಕಿಗೆ ಕನಿಷ್ಠ 10 ನಿಮಿಷ ಮೊದಲು ತಲುಪುವಂತೆ ಯೋಜಿಸಬೇಕು. ಮುಸ್ಸಂಜೆಗೆ ರನ್‌ವೇ ಮೇಲೆ ಕಾಂಗರೂಗಳು ಬರುವುದರಿಂದ ಇನ್ನೂ ಬೇಗ ಇಳಿಯುವುದೇ ಒಳ್ಳೆಯದು.

ಐರ್ ಸರೋವರ, ಸ್ಥಳೀಯ ಹೆಸರು ಕಾಟಿ ತಾಂಡಾ, ಬಹುಪಾಲು ವರ್ಷ ಬಿಳಿ ಉಪ್ಪಿನ ಬಯಲು. ದೂರದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಭಾರಿ ಮಳೆಯಾದಾಗ ನದಿಗಳು ವಾರಗಟ್ಟಲೆ ಹರಿದು ಬಂದು ಅದನ್ನು ತುಂಬುತ್ತವೆ. ದಾಖಲೆಯಲ್ಲಿರುವ ಅತಿ ದೊಡ್ಡ ತುಂಬು 1974ರದ್ದು. ಅದರ ತಳ ಸಮುದ್ರ ಮಟ್ಟಕ್ಕಿಂತ ಸುಮಾರು 15 ಮೀಟರ್ ಕೆಳಗಿದೆ. ಒಣಗಿದ್ದಾಗ ಬಿಳಿ ಉಪ್ಪು, ತುಂಬಿದಾಗ ಕನ್ನಡಿಯಂಥ ನೀರು, ಎರಡರಲ್ಲೂ ದಿಗಂತ ಎಲ್ಲಿದೆ ಎಂದೇ ಕಾಣದೆ ಹೋಗಬಹುದು. ಎತ್ತರದ ಅಂದಾಜೂ ತಪ್ಪುತ್ತದೆ. ಕೆಳಕ್ಕೆ ಇಳಿದು ಪೆಲಿಕನ್‌ಗಳನ್ನು ನೋಡುವ ಆಸೆ ಬಿಟ್ಟು, ದಂಡೆಯನ್ನು ಒಂದು ಪಕ್ಕ ಕಣ್ಣಿಗೆ ಕಾಣುವಂತೆ ಇಟ್ಟುಕೊಂಡು ಹಾರಬೇಕು.

ಇಂಧನ, ಮತ್ತು ಇಳಿದ ಮೇಲೆ ಒಂದು ಫೋನ್

ಗಂಟೆಗೆ ಸುಮಾರು 36 ಲೀಟರ್ ಲೆಕ್ಕದಲ್ಲಿ 200 ಲೀಟರ್ ಐದೂವರೆ ಗಂಟೆ ಬರುತ್ತದೆ. ನಿಯಮದಂತೆ ಮುಟ್ಟಬಾರದ ಅರ್ಧ ಗಂಟೆಯ ಮೀಸಲು, ಎದುರುಗಾಳಿಗೆಂದು ಇನ್ನರ್ಧ ಗಂಟೆ ಕಳೆದರೆ ನಾಲ್ಕೂವರೆ ಗಂಟೆಯಷ್ಟೇ ನಮ್ಮದು. ಈ ವಿಮಾನಕ್ಕೆ ಬೇಕಾದ ಏವ್‌ಗ್ಯಾಸ್ ಕಾರಿನ ಪೆಟ್ರೋಲ್ ಅಲ್ಲ. ಅದು ಎಲ್ಲ ಊರಲ್ಲೂ ಸಿಗದು, ಸಿಗುವ ಊರಲ್ಲೂ ಖಾಲಿಯಾಗಿರಬಹುದು. ಹಿಂದಿನ ದಿನ ಫೋನ್ ಮಾಡಿ ವಿಚಾರಿಸುವುದು ಅಲ್ಲಿನವರಿಗೂ ಮಾಮೂಲು. ಸೆಪ್ಟೆಂಬರ್‌ನ ಬರ್ಡ್ಸ್‌ವಿಲ್ ಕುದುರೆ ರೇಸ್ ವೇಳೆ ಆ ಪುಟ್ಟ ಊರಿಗೆ ವಿಮಾನಗಳೇ ಮುತ್ತಿಕೊಳ್ಳುವುದರಿಂದ ಕೋಣೆಗೂ ಇಂಧನಕ್ಕೂ ಸಾಲು ನಿಲ್ಲಬೇಕಾದೀತು.

ಮೊಬೈಲ್ ಸಿಗ್ನಲ್ ಊರು ದಾಟಿದರೆ ಇಲ್ಲ. 406 ಮೆಗಾಹರ್ಟ್ಸ್‌ನ ತುರ್ತು ಸಂಕೇತ ಸಾಧನವನ್ನು ಸಾಮಾನಿನ ತಳದಲ್ಲಿಡದೆ ಮೈಮೇಲೇ ಇಟ್ಟುಕೊಳ್ಳಬೇಕು. ಮರುಭೂಮಿಯಲ್ಲಿ ಇಳಿಯಬೇಕಾಗಿ ಬಂದರೆ ವಿಮಾನ ಬಿಟ್ಟು ನಡೆಯಬಾರದು. ಹುಡುಕುವವರ ಕಣ್ಣಿಗೆ ಮನುಷ್ಯನಿಗಿಂತ ರೆಕ್ಕೆ ಬೇಗ ಬೀಳುತ್ತದೆ, ಅದರ ಕೆಳಗೆ ನೆರಳೂ ಇದೆ.

ಅಲ್ಲಿ 'ಸಾರ್‌ಟೈಮ್' ಎಂಬ ವ್ಯವಸ್ಥೆಯಿದೆ. ಇಂತಿಷ್ಟು ಹೊತ್ತಿಗೆ ತಲುಪುತ್ತೇನೆ ಎಂದು ಪೈಲಟ್ ಮೊದಲೇ ತಿಳಿಸಿರುತ್ತಾರೆ. ಆ ಹೊತ್ತಿಗೆ 'ಇಳಿದಿದ್ದೇನೆ' ಎಂಬ ಸುದ್ದಿ ಬಾರದಿದ್ದರೆ ಹುಡುಕಾಟ ಶುರುವಾಗುತ್ತದೆ. ಬರ್ಡ್ಸ್‌ವಿಲ್‌ನಲ್ಲಿ ಹೋಟೆಲ್ ನಿಲ್ದಾಣದ ಎದುರಿಗೇ ಇದೆ. ವಿಮಾನವನ್ನು ಹಗ್ಗದಿಂದ ಕಟ್ಟಿ, ಒಳಗೆ ಹೋಗಿ ತಣ್ಣಗೆ ಏನಾದರೂ ಕುಡಿಯುತ್ತಾ ಕುಳಿತವರು ಆ ಒಂದು ಫೋನ್ ಮಾಡಲು ಮರೆತರೆ, ಕ್ಷೇಮವಾಗಿ ಇರುವವರನ್ನು ಹುಡುಕಲು ಇನ್ನೊಂದು ವಿಮಾನ ಮರುಭೂಮಿಯ ಮೇಲೆ ಹೊರಡುತ್ತದೆ.