ಬಟ್ಟಲು ಉಳಿಯಿತು, ಹೆಸರು ಅಳಿಯಿತು

1660ನೇ ಇಸವಿ, ಫೆಬ್ರುವರಿ 27. ಲಂಡನ್ನಿನ ಸರ್ಕಾರಿ ಗುಮಾಸ್ತ ಸ್ಯಾಮ್ಯುಯೆಲ್ ಪೀಪ್ಸ್ ಅಂದು ಎಸೆಕ್ಸ್ ಪ್ರಾಂತದ ಸ್ಯಾಫ್ರನ್ ವಾಲ್ಡನ್‌ನಲ್ಲಿದ್ದ. ಒಂದು ಕಾಲಕ್ಕೆ ಕೇಸರಿ ಬೆಳೆಗೆ ಪ್ರಸಿದ್ಧವಾಗಿ, ಹೆಸರಿನಲ್ಲೂ ಕೇಸರಿಯನ್ನು ಹೊತ್ತ ಊರು ಅದು. ಅಲ್ಲಿ ಬಡವರಿಗಾಗಿ ಇದ್ದ ಹಳೆಯ ಧರ್ಮಶಾಲೆಯನ್ನು ನೋಡಲು ಹೋದವನು ಕಾಣಿಕೆ ಪೆಟ್ಟಿಗೆಗೆ ಆರು ಪೆನ್ಸ್ ಹಾಕಿದ. ಅಲ್ಲಿನವರು ಬೆಳ್ಳಿ ಅಂಚಿನ ಬಟ್ಟಲೊಂದರಲ್ಲಿ ಅವನಿಗೆ ತಮ್ಮ ಪಾನೀಯ ತಂದುಕೊಟ್ಟರು. ಕುಡಿದು ಮುಗಿಸಿದಾಗ ಬಟ್ಟಲಿನ ತಳದಲ್ಲಿ ಬೆಳ್ಳಿಯ ಚಿತ್ರವೊಂದು ಕಂಡಿತು: ಮಗುವನ್ನು ಎತ್ತಿಕೊಂಡ ಮೇರಿ ಮಾತೆ.

ಪೀಪ್ಸ್ ಇದನ್ನೆಲ್ಲ ತನ್ನ ಪ್ರಖ್ಯಾತ ದಿನಚರಿಯಲ್ಲಿ ಬರೆದಿಟ್ಟ. ಆದರೆ ಬಟ್ಟಲಿನ ಹೆಸರನ್ನು ಮಾತ್ರ ಬರೆಯಲಿಲ್ಲ. ಕಂದು ಬಣ್ಣದ್ದು ಎಂದಷ್ಟೇ ಹೇಳಿ ಮುಂದೆ ಹೋದ. ಅವನ ಮುತ್ತಜ್ಜನ ಕಾಲದವರಾಗಿದ್ದರೆ ಒಂದೇ ಪದದಲ್ಲಿ ಮುಗಿಸುತ್ತಿದ್ದರು. ಆ ಪದ ‘ಮೇಝರ್’. (ಸೈನ್ಯದ ಮೇಜರ್‌ಗೂ ಇದಕ್ಕೂ ಯಾವ ನಂಟೂ ಇಲ್ಲ.)

ಮೇಝರ್ ಎಂಬುದು ಮೊದಲು ಪಾತ್ರೆಯ ಹೆಸರಲ್ಲ, ಮರದ್ದು. ಮೇಪಲ್ ಮರದ ಕಾಂಡದ ಮೇಲೆ ಕೆಲವೊಮ್ಮೆ ಗಡ್ಡೆಯಂತೆ ಗಂಟುಗಳು ಏಳುತ್ತವೆ. ಅದನ್ನು ಕೊಯ್ದರೆ ಒಳಗೆಲ್ಲ ಚುಕ್ಕೆ, ಸುಳಿ. ಕಲೆ, ಚುಕ್ಕೆ ಎಂಬ ಅರ್ಥದ ಹಳೆಯ ಜರ್ಮನ್ ಮೂಲದ ಪದವೊಂದು ಫ್ರೆಂಚ್ ಭಾಷೆಯನ್ನು ಹಾದು ಇಂಗ್ಲಿಷಿಗೆ ಬಂದು, ಮೊದಲು ಆ ಮರಕ್ಕೂ ನಂತರ ಅದರಿಂದ ಮಾಡಿದ ಬಟ್ಟಲಿಗೂ ಹೆಸರಾಯಿತು. ದಡಾರ ರೋಗದ ಇಂಗ್ಲಿಷ್ ಹೆಸರು ‘ಮೀಸಲ್ಸ್’ ಕೂಡ ಇದೇ ಬಳಗದ್ದು ಎನ್ನುತ್ತಾರೆ ಭಾಷಾ ವಿದ್ವಾಂಸರು. ಮೈಮೇಲಿನ ಚುಕ್ಕೆಗೂ ಮರದ ಚುಕ್ಕೆಗೂ ಒಂದೇ ಬೇರು!

ಗಂಟು ದೊಡ್ಡದಾಗಿ ಸಿಗುವುದು ಅಪರೂಪ. ಹಾಗಾಗಿ ತಿರುಗಣೆಯಲ್ಲಿ ತೆಳ್ಳಗೆ ಕಡೆದ ಬಟ್ಟಲು ಅಗಲವಾಗಿದ್ದರೂ ಆಳ ಕಡಿಮೆ. ಅದಕ್ಕೆ ಬೆಳ್ಳಿಯ ಪಟ್ಟಿ ಕಟ್ಟಿ ಅಂಚನ್ನು ಎತ್ತರಿಸುತ್ತಿದ್ದರು. ತಳದ ನಡುವೆ ಚಿತ್ರ ಕೆತ್ತಿದ ಬಿಲ್ಲೆ. ಬಿರುಕು ಬಿಟ್ಟರೂ ಎಸೆಯದೆ ಬೆಳ್ಳಿಯಿಂದ ಬೆಸೆದು ಮತ್ತೆ ಬಳಸುತ್ತಿದ್ದರು.

ಕ್ರೈಸ್ತ ಮಠಗಳಲ್ಲಿ ಇವು ರಾಶಿ ರಾಶಿಯಾಗಿ ಇದ್ದವು. ಕ್ಯಾಂಟರ್ಬರಿಯ ಕ್ರೈಸ್ಟ್ ಚರ್ಚ್ ಮಠದ 1328ರ ಪಟ್ಟಿಯಲ್ಲಿ 182 ಮೇಝರ್‌ಗಳ ಲೆಕ್ಕವಿದೆ. ಡರ್‌ಹ್ಯಾಮ್ ಮಠದಲ್ಲಿ ಸಂನ್ಯಾಸಿಗಳಿಗೆಲ್ಲ ತಮ್ಮ ತಮ್ಮ ಮೇಝರ್ ಇತ್ತು; ಅದಲ್ಲದೆ ಎಲ್ಲರಿಗೂ ಸೇರಿದ ದೊಡ್ಡ ಬಟ್ಟಲುಗಳೂ ಇದ್ದವು ಎಂದು ಅಲ್ಲಿನ ಆಚಾರಗಳನ್ನು ಕುರಿತು 1593ರಲ್ಲಿ ಬರೆದ ಗ್ರಂಥ ತಿಳಿಸುತ್ತದೆ. ಅವುಗಳಲ್ಲಿ ಒಂದರ ಹೆಸರು ಜೂಡಾಸ್ ಬಟ್ಟಲು. ಯೇಸುವಿನ ಕೊನೆಯ ಭೋಜನವನ್ನು ನೆನೆಯುವ ಪವಿತ್ರ ಗುರುವಾರದ ರಾತ್ರಿ ಮಾತ್ರ ಅದು ಹೊರಬರುತ್ತಿತ್ತು. ಗುರುವಿಗೆ ಎರಡು ಬಗೆದವನ ಹೆಸರಿನಲ್ಲಿ ವರ್ಷಕ್ಕೊಮ್ಮೆ ಕುಡಿಯುವ ಆ ಸಂನ್ಯಾಸಿಗಳಿಗೆ ಗುಟುಕು ಹೇಗೆ ಇಳಿಯುತ್ತಿತ್ತೋ!

ಯಾರ್ಕ್ ಮಹಾಚರ್ಚಿನಲ್ಲಿರುವ ಮೇಝರ್‌ನ ಕಥೆ ಇದಕ್ಕೆ ತದ್ವಿರುದ್ಧ. ಅದರಲ್ಲಿ ಕುಡಿದವರಿಗೆಲ್ಲ ಆರ್ಚ್‌ಬಿಷಪ್ ರಿಚರ್ಡ್ ಸ್ಕ್ರೋಪ್ 40 ದಿನಗಳ ಪಾಪ ಮಾಫಿ ಕೊಟ್ಟಿದ್ದಾನೆಂದು ಅಂಚಿನಲ್ಲಿ ಕೆತ್ತಿದ್ದಾರೆ. ಆದರೆ ರಾಜನ ವಿರುದ್ಧ ಬಂಡೆದ್ದ ಸ್ಕ್ರೋಪ್‌ಗೆ ಮಾತ್ರ ಮಾಫಿ ಸಿಗಲಿಲ್ಲ. 1405ರಲ್ಲಿ ಅವನ ತಲೆ ಕಡಿದರು.

1536ರಿಂದ 1540ರ ನಡುವೆ ಎಂಟನೇ ಹೆನ್ರಿ ಮಠಗಳನ್ನು ಮುಚ್ಚಿಸಿದ. ಅವುಗಳ ಬೆಳ್ಳಿಬಂಗಾರ ಖಜಾನೆ ಸೇರಿತು. ಉಳ್ಳವರಿಗೆ ಗಾಜಿನ ಲೋಟದ ಮೋಹ ಹತ್ತಿತು. ಕವಿ ಎಡ್ಮಂಡ್ ಸ್ಪೆನ್ಸರ್ 1579ರ ತನ್ನ ಕಾವ್ಯದಲ್ಲಿ ಕುರುಬರ ಹಾಡಿನ ಪಂದ್ಯಕ್ಕೆ ಮೇಝರನ್ನು ಪಣವಾಗಿ ಇಟ್ಟಿದ್ದಾನೆ. ಆದರೆ ಅದು ಬೇಕೆಂದೇ ಹಳೆಯ ಪದಗಳನ್ನು ಹೆಕ್ಕಿ ಬರೆದ ಕಾವ್ಯ.

ಬಟ್ಟಲಿನಿಂದ ಜಾರಿದ ಪದ ಅಲ್ಲಿಗೇ ಸಾಯಲಿಲ್ಲ. ಸ್ವಲ್ಪ ರೂಪ ಬದಲಿಸಿ ‘ಮ್ಯಾಝರ್ಡ್’ ಎಂದಾಗಿ ತಲೆಗೆ ಏರಿತು. ಷೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ನಾಟಕದ ಸ್ಮಶಾನದ ದೃಶ್ಯದಲ್ಲಿ ಗುಂಡಿ ತೋಡುವವನ ಸನಿಕೆಯ ಪೆಟ್ಟು ತಿನ್ನುವ ತಲೆಗೆ ರಾಜಕುಮಾರ ಬಳಸುವ ಪದ ಇದೇ. ಕನ್ನಡಿಗರಿಗೆ ಇದು ವಿಚಿತ್ರವೆನಿಸಬೇಕಿಲ್ಲ. ನೀರು ತುಂಬುವ ಸೋರೆಬುರುಡೆ, ಹೆಗಲ ಮೇಲಿನ ತಲೆಬುರುಡೆ ಎರಡಕ್ಕೂ ನಮ್ಮಲ್ಲಿ ಒಂದೇ ಬುರುಡೆ.

ಪೀಪ್ಸ್ ಕುಡಿದ ಬಟ್ಟಲು ಇಂದಿಗೂ ಇದೆ. ಅದರ ಬೆಳ್ಳಿಯ ಮೇಲಿನ ಮುದ್ರೆ 1507-08ರದ್ದು. ಅಲ್ಲಿಂದ ಪೀಪ್ಸ್ ಬರುವ ಹೊತ್ತಿಗೆ ಇಂಗ್ಲೆಂಡಿನ ಧರ್ಮವೇ ಬದಲಾಗಿತ್ತು. 1643ರಲ್ಲಿ ಸಂಸತ್ತು ಚರ್ಚುಗಳಲ್ಲಿನ ವಿಗ್ರಹ, ಚಿತ್ರಗಳನ್ನೆಲ್ಲ ನಾಶಪಡಿಸಲು ಆಜ್ಞೆ ಹೊರಡಿಸಿತ್ತು. ಪಕ್ಕದ ಕೇಂಬ್ರಿಜ್‌ಷೈರ್, ಸಫೋಕ್ ಪ್ರಾಂತಗಳಲ್ಲಿ ವಿಲಿಯಂ ಡೌಸಿಂಗ್ ಎಂಬಾತ ಚರ್ಚಿನಿಂದ ಚರ್ಚಿಗೆ ಹೋಗಿ ಅವನ್ನು ಒಡೆಸಿದ್ದ. ಮೇರಿಯ ಚಿತ್ರಕ್ಕೆ ಅಪಾಯವಿದ್ದ ಆ ಕಾಲದಲ್ಲೂ ಧರ್ಮಶಾಲೆಯವರು ಬಟ್ಟಲನ್ನು ಕೈಬಿಡಲಿಲ್ಲ. ತುಂಬಿದ ಬಟ್ಟಲಿನಲ್ಲಿ ಮೇರಿ ಯಾರಿಗೂ ಕಾಣುವಂತಿರಲಿಲ್ಲ. ಪೀಪ್ಸ್‌ಗೆ ಕಂಡದ್ದು ಅವನು ಒಂದು ಹನಿಯನ್ನೂ ಬಿಡದೆ ಕುಡಿದದ್ದರಿಂದ.