ಅರಸಿಯ ನಗಾರಿ, ಕ್ರಿಸ್‌ಮಸ್‌ ಬೆಳಗು

ವರ್ಷದ ಕೊನೇ ಸಂಚಿಕೆ ಇದು. ಇವತ್ತು ಜರ್ಮನಿಯ ಲೈಪ್‌ಜಿಗ್‌ಗೆ ಹೋಗೋಣ. 1734ರ ಡಿಸೆಂಬರ್‌ 25, ಬೆಳಗ್ಗೆ. ಚರ್ಚಿನ ಮುಖ್ಯ ಪ್ರಾರ್ಥನೆ ಏಳಕ್ಕೇ ಶುರು. ಆ ಊರಲ್ಲಿ ಡಿಸೆಂಬರ್‌ ಕೊನೆಗೆ ಸೂರ್ಯ ಹುಟ್ಟೋದೇ ಎಂಟರ ಸುಮಾರಿಗೆ. ಅಂದ್ರೆ ಜನ ಕತ್ತಲಲ್ಲೇ, ಚಳಿಯಲ್ಲೇ ನಡೆದು ಬಂದಿದ್ದಾರೆ. ಕ್ರಿಸ್‌ಮಸ್‌ಗೆ ಮುಂಚಿನ ಮೂರು ಭಾನುವಾರ ಅಲ್ಲಿನ ಚರ್ಚುಗಳಲ್ಲಿ ವಾದ್ಯಮೇಳ ಇರ್ತಿರಲಿಲ್ಲ. ಅದು ಪಶ್ಚಾತ್ತಾಪದ ಕಾಲ. ಆ ಮೌನವನ್ನ ಒಡೆದದ್ದು ಒಂಟಿ ಟಿಂಪನಿ, ನಮ್ಮ ನಗಾರಿಯ ದಾಯಾದಿ. ಆಮೇಲೆ ಕೊಳಲು, ತುತ್ತೂರಿ, ಕೊನೆಗೆ ಹಾಡುಗಾರರು.

ಇದು ಯೋಹಾನ್‌ ಸೆಬಾಸ್ಟಿಯನ್‌ ಬಾಖ್‌ನ ‘ಕ್ರಿಸ್‌ಮಸ್‌ ಒರಟೋರಿಯೊ’. ಆರು ಭಾಗ. ಜನವರಿ 6ರವರೆಗೆ ಆರು ಬೇರೆ ಬೇರೆ ದಿನ ಹಾಡಿದ್ದು.

ಆದರೆ ಚರ್ಚಲ್ಲಿ ನಗಾರಿಯಿಂದ ಯಾಕೆ ಶುರು? ಯಾಕಂದ್ರೆ ಆ ಸಂಗೀತ ಮೂಲದಲ್ಲಿ ದೇವರಿಗೆ ಬರೆದದ್ದೇ ಅಲ್ಲ! ಒಂದು ವರ್ಷದ ಹಿಂದೆ, 1733ರ ಡಿಸೆಂಬರ್‌ 8ಕ್ಕೆ, ಸ್ಯಾಕ್ಸನಿಯ ಅರಸಿ ಮರಿಯಾ ಯೋಸೆಫಾಳ ಹುಟ್ಟುಹಬ್ಬಕ್ಕೆ ಬರೆದದ್ದು. ಅದರ ಸಾಹಿತ್ಯವೇ ‘ನಗಾರಿ ಮೊಳಗಲಿ’ ಅನ್ನೋ ಅರ್ಥದಲ್ಲಿ ಶುರುವಾಗ್ತಿತ್ತು. ಹೊಸ ಹಸ್ತಪ್ರತಿಯಲ್ಲಿ ಬಾಖ್‌ ಕೈತಪ್ಪಿ ಅದೇ ಹಳೇ ಮಾತು ಬರೆದು, ಹೊಡೆದುಹಾಕಿದ್ದಾನೆ. ಮಗು ಯೇಸುವಿನ ಜೋಗುಳದ ಕಥೆ ಇನ್ನೂ ಮಜಾ. ಅದು ರಾಜಕುಮಾರನ ಹುಟ್ಟುಹಬ್ಬದ ಸಂಗೀತದಿಂದ ಬಂದದ್ದು. ಅಲ್ಲಿ ಅದನ್ನ ಹಾಡೋದು ‘ಭೋಗ’ ಅನ್ನೋ ಪಾತ್ರ, ಹರ್ಕ್ಯುಲಿಸ್‌ನನ್ನ ದಾರಿ ತಪ್ಪಿಸೋಕೆ.

ಇದನ್ನ ಕೇಳಿ ಮೂಗು ಮುರಿಯೋರು ಇದ್ದಾರೆ. ಬಿಕಾಂ ಓದಿದ ನನಗೆ ಮಾತ್ರ ಬಾಖ್‌ನ ಲೆಕ್ಕ ನೋಡದೆ ತೀರ್ಪು ಕೊಡೋಕೆ ಮನಸ್ಸಾಗಲ್ಲ. 1730ರ ಆಗಸ್ಟ್‌ನಲ್ಲಿ ಅವನು ನಗರಸಭೆಗೆ ಕೊಟ್ಟ ಮನವಿ ಅಕ್ಷರಶಃ ಆಡಿಟ್‌ ವರದಿ: ಶಾಲೆಯ 54 ಹುಡುಗರಲ್ಲಿ 17 ಜನ ಕೆಲಸಕ್ಕೆ ಬರ್ತಾರೆ, 20 ಜನ ಇನ್ನೂ ಪಳಗಬೇಕು, 17 ಜನ ಪ್ರಯೋಜನವೇ ಇಲ್ಲ. ಅದೇ ಅಕ್ಟೋಬರ್‌ನಲ್ಲಿ ಹಳೇ ಗೆಳೆಯ ಎರ್ಡ್‌ಮಾನ್‌ಗೆ ಕಾಗದ. ಆದಾಯ ಸುಮಾರು 700 ಥಾಲರ್‌, ಅದರಲ್ಲಿ ಶವಸಂಸ್ಕಾರದ ಕಾಣಿಕೆಯೂ ಸೇರಿದೆ. ಊರಿನ ಗಾಳಿ ಚೆನ್ನಾಗಿದ್ದರೆ ಸಾವು ಕಮ್ಮಿ, ಸಂಪಾದನೆ ಖೋತಾ. ಹಿಂದಿನ ವರ್ಷ ಹಾಗೇ 100 ಥಾಲರಿಗೂ ಹೆಚ್ಚು ಹೋಯ್ತು ಅಂತ ಬರೀತಾನೆ. ಕರಾಳ ಹಾಸ್ಯ ಅನಿಸಬಹುದು, ಆದರೆ ಮನೆ ತುಂಬ ಮಕ್ಕಳಿದ್ದ ಮನುಷ್ಯನ ಮಾತದು.

ಹಾಗಂತ ಇದನ್ನ ಬರೀ ಉಳಿತಾಯ ಅಂದ್ರೆ ನಾನು ಒಪ್ಪಲ್ಲ. ಹುಟ್ಟುಹಬ್ಬದ ಸಂಗೀತ ಆ ಸಂಜೆಗಷ್ಟೇ. ಅರಸಿಗೆ ಕಟ್ಟಿದ ಮಾತನ್ನ ಇನ್ನೆಲ್ಲಿ ಹಾಡ್ತೀರಿ? ಚರ್ಚಿನ ಹಬ್ಬವಾದ್ರೆ ವರ್ಷ ವರ್ಷ ಬರುತ್ತೆ. ಜೋಗುಳವನ್ನೂ ಅವನು ಸುಮ್ನೆ ನಕಲು ಮಾಡಲಿಲ್ಲ. ಶ್ರುತಿ ಇಳಿಸಿ, ಸೋಪ್ರಾನೊ ದನಿಯಿಂದ ಕೆಳಗಿನ ಆಲ್ಟೊ ದನಿಗೆ ತಂದ. ಪುಸಲಾಯಿಸೋ ಹಾಡು ತಾಯಿಯ ಹಾಡಾಗೋದು ಅಲ್ಲೇ. ಜೊತೆಗೆ ಯೇಸುವಿನ ಕಥೆ ಹೇಳೋ ಭಾಗಗಳನ್ನ ಹೊಸದಾಗಿ ಬರೆದ.

ವಿಚಿತ್ರ ಅಂದ್ರೆ, ಬಾಖ್‌ ಸತ್ತ ಮೇಲೆ ಈ ಕೃತಿ ಇಡಿಯಾಗಿ ಮತ್ತೆ ಕೇಳಿಸಿದ್ದು 1857ರಲ್ಲಿ, ಬರ್ಲಿನ್‌ನ ಸಿಂಗ್‌ಅಕಾಡೆಮಿಯಲ್ಲಿ. ನೀವೀಗ ಕೇಳೋದಾದ್ರೆ ಮೊದಲು ಅರಸಿಯ ಹಾಡು ಹಾಕಿ, ತಕ್ಷಣ ಕ್ರಿಸ್‌ಮಸ್‌ದು. ಮೊದಲ ಕೆಲವು ಸೆಕೆಂಡ್‌, ದನಿಗಳು ಸೇರೋವರೆಗೆ, ಯಾವುದು ಯಾವುದು ಅಂತ ಪತ್ತೆ ಮಾಡೋಕೇ ಆಗಲ್ಲ.